ಹದಿನೆಂಟು ಮಕ್ಕಳು, ಎಂಟು ವರ್ಷ

ಮೇಷ್ಟ್ರ ಸಿನಿಮಾ ಅಂದ್ರೆ ನನಗೆ ಮೊದಲಿಂದಲೂ ಒಂದು ದೌರ್ಬಲ್ಯ. ತೆರೆಯ ಮೇಲೆ ಯಾರಾದರೂ ಸೀಮೆಸುಣ್ಣ ಕೈಗೆತ್ತಿಕೊಂಡರೆ ಸಾಕು, ಕಥೆ ಹೇಗೇ ಇರಲಿ, ಕೊನೇತನಕ ಕೂತು ನೋಡಿಬಿಡ್ತೇನೆ. ಮಕ್ಕಳೆಲ್ಲ ಪಾಸಾದಾಗ ಕಣ್ಣೂ ಒದ್ದೆ ಮಾಡ್ಕೋತೇನೆ. ಹೀಗಿರುವಾಗ 'ಸ್ಟ್ಯಾಂಡ್ ಅಂಡ್ ಡೆಲಿವರ್' ಮೇಲೆ ತಕರಾರು ತೆಗೆಯೋದು ನನಗೇನು ಖುಷಿಯ ಕೆಲಸ ಅಲ್ಲ. ಆದರೆ ಮೊನ್ನೆ ಮಗಳ ಜೊತೆ ಕೂತು ಮೂರನೇ ಸಲ ನೋಡಿದಾಗ, ಹಿಂದೆ ಎರಡು ಸಲ ಕಾಣದೇ ಹೋಗಿದ್ದ ಒಂದು ಕೊರತೆ ಕಾಣಿಸಿತು. ಕಾಣಿಸಿದ್ದು ನನಗಲ್ಲ, ಅವಳಿಗೆ.

ಅವಳೀಗ ಹತ್ತನೇ ಕ್ಲಾಸು. ನಾವಿರೋದು ಕ್ಯಾಲಿಫೋರ್ನಿಯಾದಲ್ಲಿ. ಮುಂದಿನ ವರ್ಷ ಯಾವ್ಯಾವ ಕೋರ್ಸು ತಗೋಬೇಕು ಅಂತ ಬರೆದು, ಅಪ್ಪ ಅಮ್ಮ ಸಹಿ ಹಾಕಿ ಸೋಮವಾರ ಶಾಲೆಗೆ ಕೊಡಬೇಕಾದ ಹಾಳೆ ಒಂದು ವಾರದಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಬೇಸಿಗೆ ರಜೆಯ ಆರೇ ವಾರದಲ್ಲಿ ಒಂದು ವರ್ಷದ ಪ್ರೀಕ್ಯಾಲ್ಕುಲಸ್ ಮುಗಿಸಿ, ಹನ್ನೊಂದಕ್ಕೇ ಎಪಿ ಕ್ಯಾಲ್ಕುಲಸ್‌ಗೆ ಹಾರಬೇಕೋ, ಅಥವಾ ನಿಧಾನಕ್ಕೆ ಹೋಗಬೇಕೋ ಅನ್ನೋದು ಮನೆಯಲ್ಲಿ ನಡೀತಿದ್ದ ಜಗಳ. ಹಾರಲಿ ಅನ್ನೋ ಪಕ್ಷದವಳು ನಾನೇ. ಅವಳಿಗೆ ಹುರುಪು ಬರಲಿ ಅಂತಲೇ ಈ ಸಿನಿಮಾ ಹಾಕಿದ್ದು. ನೋಡಿ ಮುಗಿಸಿ ಅವಳು ಕೇಳಿದ್ದು ಇಷ್ಟೇ: "ಅಮ್ಮ, ಇವ್ರಿಗೆಲ್ಲ ಒಂಬತ್ತನೇ ಕ್ಲಾಸಲ್ಲಿ, ಹತ್ತನೇ ಕ್ಲಾಸಲ್ಲಿ ಗಣಿತ ಯಾರು ಹೇಳ್ಕೊಟ್ರು? ಅದನ್ನ ತೋರಿಸ್ಲೇ ಇಲ್ವಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ಸಿನಿಮಾ ನೋಡದವರಿಗಾಗಿ ಕಥೆ ಸ್ವಲ್ಪ ಹೇಳ್ತೇನೆ. 1988ರಲ್ಲಿ ಬಂದದ್ದು, ನಿರ್ದೇಶಕ ರಮೋನ್ ಮೆನೆಂಡೆಸ್. ಕಟ್ಟುಕಥೆ ಅಲ್ಲ, ನಡೆದ ಕಥೆ. ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲು. ಓದೋರು ಬಹುಪಾಲು ಮೆಕ್ಸಿಕನ್ ಮೂಲದ ದುಡಿಯುವ ಮನೆಗಳ ಮಕ್ಕಳು. ಬೊಲಿವಿಯಾದಿಂದ ವಲಸೆ ಬಂದ ಹೈಮೆ ಎಸ್ಕಲಾಂಟೆ ಕಂಪ್ಯೂಟರ್ ಕಲಿಸೋಣ ಅಂತ ಶಾಲೆಗೆ ಬರ್ತಾರೆ. ಅಲ್ಲಿ ಕಂಪ್ಯೂಟರೇ ಇಲ್ಲ. ಗಣಿತದ ಕ್ಲಾಸಿಗೆ ತಳ್ತಾರೆ. ಭಿನ್ನರಾಶಿಯೇ ತಡವರಿಸುವ ಆ ಮಕ್ಕಳಿಗೆ, ನಾನು ನಿಮಗೆ ಕ್ಯಾಲ್ಕುಲಸ್ ಕಲಿಸ್ತೇನೆ ಅಂತ ಈ ಮನುಷ್ಯ ಹೊರಡ್ತಾರೆ. ಕಲಿಸ್ತಾರೆ. 1982ರಲ್ಲಿ ಹದಿನೆಂಟು ಮಕ್ಕಳು ಎಪಿ ಕ್ಯಾಲ್ಕುಲಸ್ ಪರೀಕ್ಷೆ ಬರೆದು ಹದಿನೆಂಟೂ ಪಾಸಾಗ್ತಾರೆ. ಆಮೇಲೆ ಪರೀಕ್ಷೆ ನಡೆಸುವ ಇ.ಟಿ.ಎಸ್. ಸಂಸ್ಥೆ ಹದಿನಾಲ್ಕು ಮಕ್ಕಳ ಉತ್ತರಪತ್ರಿಕೆಯ ಮೇಲೆ ನಕಲಿನ ಅನುಮಾನ ಪಡುತ್ತೆ. ಹನ್ನೆರಡು ಮಂದಿ ಮತ್ತೆ ಪರೀಕ್ಷೆಗೆ ಕೂರ್ತಾರೆ. ಹನ್ನೆರಡೂ ಮತ್ತೆ ಪಾಸು.

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಲ್ಲಿ ಇರುವಾಗಲೇ ಕಾಲೇಜು ಮಟ್ಟದ ಪಾಠ ಓದಿ, ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ ಬರೆಯೋದು. ಒಂದರಿಂದ ಐದರವರೆಗೆ ಅಂಕ. ಮೂರು ಅಥವಾ ಮೇಲೆ ಬಂದರೆ ಎಷ್ಟೋ ಕಾಲೇಜುಗಳು ಅದನ್ನು ತಮ್ಮ ಲೆಕ್ಕಕ್ಕೆ ಜಮಾ ಮಾಡ್ಕೋತವೆ. ಆ ಕೋರ್ಸಿಗೆ ಆಮೇಲೆ ಸಮಯವನ್ನೂ ಶುಲ್ಕವನ್ನೂ ಮತ್ತೆ ಹಾಕಬೇಕಿಲ್ಲ. ನಮ್ಮ ಪಿಯುಸಿಯಲ್ಲಿ ಬೆಳೆದವರಿಗೆ ಇದು ತಕ್ಷಣ ತಲೆಗೆ ಹೋಗಲ್ಲ. ನಮಗೆ ಇಡೀ ವರ್ಷ ಒಂದು ಗಂಟು: ಎಲ್ಲ ವಿಷಯ ಪಾಸಾದರೆ ಮುಂದಿನ ಮೆಟ್ಟಿಲು. ಇಲ್ಲಿ ಒಂದೊಂದು ಕೋರ್ಸಿಗೂ ಬೇರೆ ಬೇರೆ ಕ್ರೆಡಿಟ್ಟು, ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ಪುಸ್ತಕ ತುಂಬಿದ ದಿನ ಗೌನು ಹಾಕಿಸಿ ಪದವಿ ಪತ್ರ ಕೊಡ್ತಾರೆ. ಈ ಲೆಕ್ಕಕ್ಕೆ ನೂರು ವರ್ಷ ದಾಟಿದೆ. 1906ರ ಹೊತ್ತಿಗೆ ಕಾರ್ನೆಗಿ ಪ್ರತಿಷ್ಠಾನ ಶುರುವಿಟ್ಟ ಅಳತೆ: ಒಂದು ವಿಷಯಕ್ಕೆ ವರ್ಷದಲ್ಲಿ 120 ಗಂಟೆ ಕೂತರೆ ಒಂದು ಯೂನಿಟ್ಟು. ಅದು ಅಳೆಯೋದು ಕೂತ ಹೊತ್ತನ್ನು. ಎಪಿ ಅಳೆಯೋದು ಪರೀಕ್ಷೆಯ ಮೂರು ಚಿಲ್ಲರೆ ಗಂಟೆಯಲ್ಲಿ ಏನು ಬರುತ್ತೆ ಅನ್ನೋದನ್ನು. ಎರಡು ಅಳತೆಗಳ ಜಗಳವೇ ಈ ಸಿನಿಮಾದ ಬೆನ್ನೆಲುಬು.

ಎಪಿ ಹುಟ್ಟಿದ್ದು ಗಾರ್ಫೀಲ್ಡ್‌ನಂಥ ಶಾಲೆಗಳಿಗಾಗಿ ಅಲ್ಲವೇ ಅಲ್ಲ. 1950ರ ದಶಕದ ಆರಂಭದಲ್ಲಿ ಆಂಡೋವರ್, ಎಕ್ಸೆಟರ್‌ನಂಥ ಶ್ರೀಮಂತ ಖಾಸಗಿ ಶಾಲೆಗಳವರೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರೂ ಕೂತು, ನಮ್ಮ ಹುಡುಗರು ಶಾಲೆಯಲ್ಲಿ ಓದಿದ್ದನ್ನೇ ಕಾಲೇಜಿನ ಮೊದಲ ವರ್ಷ ಮತ್ತೆ ಓದಿ ಬೇಸರಪಡ್ತಿದಾರೆ ಅಂತ ಚರ್ಚೆ ಮಾಡಿದರು. ಅದರಿಂದ ಬಂದದ್ದು. 1955ರಲ್ಲಿ ಕಾಲೇಜ್ ಬೋರ್ಡ್ ಅದನ್ನು ವಹಿಸಿಕೊಂಡಿತು. ಬೇಸರ ತಪ್ಪಿಸೋಕೆ ಅಂತ ಮಾಡಿದ ವ್ಯವಸ್ಥೆ ಮೂವತ್ತು ವರ್ಷದೊಳಗೆ ಪೂರ್ವ ಲಾಸ್ ಏಂಜಲೀಸ್‌ಗೆ ಬಂದಾಗ ಅದರ ಅರ್ಥವೇ ಬದಲಾಯಿತು. ಗಾರ್ಫೀಲ್ಡ್‌ನ ಪದವಿ ಪತ್ರಕ್ಕೆ ಹೊರಗೆ ಅಂಥ ಬೆಲೆ ಇರಲಿಲ್ಲ. ಎಪ್ಪತ್ತರ ದಶಕದ ಮಧ್ಯದಲ್ಲಿ ಶಾಲೆಯ ಮಾನ್ಯತೆಯೇ ಹೋಗುವ ಭಯ ಇತ್ತು. ಅಲ್ಲಿನ ಮಾಸ್ತರು ಎಷ್ಟೇ ಒಳ್ಳೇ ಗ್ರೇಡು ಕೊಟ್ಟರೂ, 'ಆ ಶಾಲೆಯದ್ದು ತಾನೇ' ಅನ್ನಬಹುದಿತ್ತು. ಊರು, ಬೀದಿ ಯಾವುದನ್ನೂ ನೋಡದೆ ಬರೀ ಉತ್ತರ ನೋಡಿ ಅಂಕ ಕೊಡುವ ಹೊರಗಿನ ಪರೀಕ್ಷೆ ಆ ಮಕ್ಕಳಿಗೆ ಒಂದು ಸಾಕ್ಷಿ. ಕಾಲೇಜಿನ ಒಂದಷ್ಟು ಶುಲ್ಕ ಉಳಿಯೋದು ಆಮೇಲಿನ ಮಾತು.

ಇದನ್ನು ಸಿನಿಮಾ ಬಹಳ ಚೆನ್ನಾಗಿ ಹಿಡಿದಿದೆ. ಅದಕ್ಕೇ ಇ.ಟಿ.ಎಸ್.ನಿಂದ ಇಬ್ಬರು ತನಿಖೆಗೆ ಬರುವ ಭಾಗ ಅಷ್ಟು ಸುಡೋದು. ಅವರಲ್ಲಿ ಒಬ್ಬರು ಆಂಡಿ ಗಾರ್ಸಿಯಾ, ಅಂದರೆ ಆ ಮಕ್ಕಳ ಥರವೇ ಸ್ಪ್ಯಾನಿಷ್ ಹೆಸರಿನವರು. ಎಸ್ಕಲಾಂಟೆಗೆ ಸಿಟ್ಟು ಬರೋದು ಅನುಮಾನ ಬಂದಿದ್ದಕ್ಕಲ್ಲ. ಇದೇ ಅಂಕ ಬೇರೆ ಬಡಾವಣೆಯ, ಬೇರೆ ಹೆಸರಿನ ಮಕ್ಕಳಿಗೆ ಬಂದಿದ್ದರೆ ಅನುಮಾನ ಪಡ್ತಿದ್ರಾ ಅನ್ನೋದಕ್ಕೆ. ಸಾಕ್ಷಿ ಹೇಳಬೇಕಾದವರೇ ತಿರುಗಿ ನಿಂತರೆ ಇನ್ನು ಯಾರ ಹತ್ತಿರ ಹೋಗೋದು? ಓಲ್ಮೋಸ್ ಇಲ್ಲಿ ಕೂಗಾಡುವಷ್ಟೇ ಸುಸ್ತಾಗಿಯೂ ಕಾಣ್ತಾರೆ. ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಈ ಪಾತ್ರಕ್ಕೆ ಮೈ ದಪ್ಪ ಮಾಡಿಕೊಂಡು, ನೆತ್ತಿಯ ಮೇಲೆ ನಾಲ್ಕು ಕೂದಲು ಎಳೆದು ಬಾಚಿಕೊಂಡು, ಗೂನು ಬೆನ್ನಲ್ಲಿ ನಡೆದಿದ್ದಾರೆ. ಆ ವರ್ಷದ ಆಸ್ಕರ್‌ಗೆ ನಾಮಕರಣ ಆಯಿತು, ಬಹುಮಾನ ಬರಲಿಲ್ಲ.

ಸಣ್ಣ ಸಣ್ಣ ದೃಶ್ಯಗಳೂ ಎಷ್ಟು ಚೆನ್ನ! ಅಡುಗೆಭಟ್ಟನ ಟೋಪಿ ಹಾಕಿ, ಕತ್ತಿ ಹಿಡಿದು ಸೇಬು ಕೊಚ್ಚಿ ಭಿನ್ನರಾಶಿ ಹೇಳಿಕೊಡೋದು. ಲೂ ಡೈಮಂಡ್ ಫಿಲಿಪ್ಸ್ ಮಾಡಿದ ಆಂಜೆಲ್ ಅನ್ನೋ ಪುಂಡ ಹುಡುಗ, ತನ್ನ ಗ್ಯಾಂಗಿನವರು ನೋಡಿದರೆ ಮರ್ಯಾದೆ ಹೋಗುತ್ತೆ ಅಂತ ಮನೆಗೊಂದು, ಕ್ಲಾಸಿಗೊಂದು, ಲಾಕರಿಗೊಂದು ಅಂತ ಮೂರು ಪುಸ್ತಕ ಕೇಳೋದು. ಅಪ್ಪನ ಹೋಟೆಲಿನಲ್ಲಿ ಬಡಿಸೋಕೆ ಜನ ಬೇಕು ಅಂತ ಆನಾ ಕ್ಲಾಸು ಬಿಡುವ ಹಂತಕ್ಕೆ ಬಂದಾಗ, ಎಸ್ಕಲಾಂಟೆ ಆ ಹೋಟೆಲಿಗೇ ಹೋಗಿ ಅಪ್ಪನ ಜೊತೆ ವಾದಕ್ಕಿಳಿಯೋದು. ಅಪ್ಪನದ್ದೂ ಸುಳ್ಳಲ್ಲ: ಮನೆಯವರೆಲ್ಲ ಸೇರಿ ಬೆವರು ಹರಿಸಿ ಕಟ್ಟಿದ ಹೋಟೆಲು ಅದು. ಮೇಷ್ಟ್ರ ಮಾತು ಅಲ್ಲಿ ಸ್ವಲ್ಪ ಮಿತಿ ಮೀರುತ್ತೆ. ನಾಯಕನನ್ನು ಹೀಗೆ ಒಂದು ಕ್ಷಣ ಇರಿಸುಮುರಿಸಿಗೆ ಸಿಕ್ಕಿಸಿದ್ದು ಈ ಸಿನಿಮಾದ ಪ್ರಾಮಾಣಿಕತೆ.

ಅಷ್ಟು ಪ್ರಾಮಾಣಿಕವಾದ ಸಿನಿಮಾ ಕಾಲದ ವಿಷಯದಲ್ಲಿ ಮಾತ್ರ ದೊಡ್ಡ ಸುಳ್ಳು ಹೇಳುತ್ತೆ. ತೆರೆಯ ಮೇಲೆ ಲೆಕ್ಕ ಹಾಕಿ ನೋಡಿ. ಮೊದಲ ವರ್ಷ: ಭಿನ್ನರಾಶಿ ಬರದ ಮಕ್ಕಳು. ನಡುವೆ ಒಂದು ಬೇಸಿಗೆ: ಸೆಕೆಯಲ್ಲಿ ಬೇಯುತ್ತಾ ತ್ರಿಕೋನಮಿತಿ ಇತ್ಯಾದಿ. ಮುಂದಿನ ಮೇ: ಕ್ಯಾಲ್ಕುಲಸ್ ಪರೀಕ್ಷೆ. ಇದಕ್ಕೆಲ್ಲ ಬೇಕಾದದ್ದು 'ಗಾನಸ್', ಅಂದರೆ ಹಂಬಲ, ಅಂತ ಎಸ್ಕಲಾಂಟೆ ಮತ್ತೆ ಮತ್ತೆ ಹೇಳ್ತಾರೆ.

ನಿಜದಲ್ಲಿ ಆದದ್ದೇನು? ಎಸ್ಕಲಾಂಟೆ ಗಾರ್ಫೀಲ್ಡ್‌ಗೆ ಸೇರಿದ್ದು 1974ರಲ್ಲಿ. ಕ್ಯಾಲ್ಕುಲಸ್ ಪರೀಕ್ಷೆಯವರೆಗೆ ಮೊದಲ ಸಲ ಉಳಿದುಕೊಂಡವರು ಬರೀ ಐದು ಮಂದಿ, ಅದೂ 1979ರಲ್ಲಿ. ಸಿನಿಮಾದ ಹದಿನೆಂಟು ಮಕ್ಕಳು ಬಂದದ್ದು ಅವರು ಸೇರಿದ ಎಂಟನೇ ವರ್ಷ. ಆ ಎಂಟು ವರ್ಷದಲ್ಲಿ ನಡೆದದ್ದು ಕ್ಯಾಮೆರಾಕ್ಕೆ ಅಷ್ಟೇನೂ ಚಂದ ಕಾಣದ ಕೆಲಸ. ಕೆಳಗಿನ ಕ್ಲಾಸುಗಳಲ್ಲಿ ಬೀಜಗಣಿತ, ರೇಖಾಗಣಿತ ಸರಿಯಾಗಿ ನಡೆಯುವ ಹಾಗೆ ನೋಡಿಕೊಳ್ಳೋದು. ಬೆನ್ ಹಿಮೆನೆಸ್ ಅನ್ನುವ ಇನ್ನೊಬ್ಬ ಗಣಿತದ ಮೇಷ್ಟ್ರು ಜೊತೆಯಾದದ್ದು. ಹತ್ತಿರದ ಈಸ್ಟ್ ಲಾಸ್ ಏಂಜಲೀಸ್ ಕಾಲೇಜಿನಲ್ಲಿ ಬೇಸಿಗೆ ತರಗತಿಗಳು. 1981ರಲ್ಲಿ ಮುಖ್ಯೋಪಾಧ್ಯಾಯರಾದ ಹೆನ್ರಿ ಗ್ರಡಿಯಾಸ್ ಕೆಳಮಟ್ಟದ ಗಣಿತದ ಕ್ಲಾಸುಗಳನ್ನು ಕಡಿಮೆ ಮಾಡಿದರು. ಅದನ್ನು ತಗೊಳ್ಳುವವರು ಜೊತೆಗೇ ಬೀಜಗಣಿತವನ್ನೂ ತಗೋಬೇಕು ಅಂತ ನಿಯಮ ಮಾಡಿದರು. ಭಿನ್ನರಾಶಿ ಬರದ ಮಗುವಿಗೆ ಒಂದು ವರ್ಷದಲ್ಲಿ ಕ್ಯಾಲ್ಕುಲಸ್ ಕಲಿಸಿದ ಚರಿತ್ರೆ ಗಾರ್ಫೀಲ್ಡ್‌ನಲ್ಲಿ ಇಲ್ಲ. ಸಿನಿಮಾದ ತೊಂಬತ್ತು ಭಾಗ ನಿಜ, ಹತ್ತು ಭಾಗ ನಾಟಕ ಅಂತ ಎಸ್ಕಲಾಂಟೆಯವರೇ ಹೇಳಿದ್ದುಂಟು. ಆ ಹತ್ತು ಭಾಗ ಇರೋದು ಇಲ್ಲೇ.

"ಎರಡು ಗಂಟೆ ಸಿನಿಮಾದಲ್ಲಿ ಎಂಟು ವರ್ಷ ಹೇಗೆ ತೋರಿಸೋಕಾಗುತ್ತೆ, ಬಿಡಿ" ಅಂತ ನೀವು ಕೇಳಬಹುದು. ನಮ್ಮನೆಯವರೂ ಅದನ್ನೇ ಕೇಳಿದರು. ಆದರೆ ಕೊನೆಯ ದೃಶ್ಯ ನೆನಪಿಸಿಕೊಳ್ಳಿ. ಎಸ್ಕಲಾಂಟೆ ಉದ್ದನೆಯ ಕಾರಿಡಾರಿನಲ್ಲಿ ಒಬ್ಬರೇ ನಡೆದು ಹೋಗ್ತಾರೆ, ತೆರೆಯ ಮೇಲೆ ಒಂದೊಂದೇ ವರ್ಷ, ಒಂದೊಂದೇ ಸಂಖ್ಯೆ ಮೂಡುತ್ತೆ. 1982ರಲ್ಲಿ ಹದಿನೆಂಟು ಇದ್ದದ್ದು 1987ಕ್ಕೆ ಎಂಬತ್ತು ದಾಟುತ್ತೆ. ಮುಂದಿನ ಐದು ವರ್ಷ ತೋರಿಸೋಕೆ ಅರ್ಧ ನಿಮಿಷ ಸಾಕಾಯಿತಲ್ಲ? ಹಿಂದಿನ ಎಂಟು ವರ್ಷಕ್ಕೂ ಅಷ್ಟೇ ಸಾಕಿತ್ತು. ಹಾಕಲಿಲ್ಲ. ಯಾಕಂದ್ರೆ 'ಮೊದಲ ಸಲ ಐದೇ ಮಂದಿ' ಅಂತ ಹಾಕಿದ ಕೂಡಲೇ ಪವಾಡ ಹೋಗಿ ಪರಿಶ್ರಮ ಉಳಿಯುತ್ತೆ. ನನ್ನ ಮಟ್ಟಿಗೆ ಅದು ಇನ್ನೂ ದೊಡ್ಡ ಕಥೆ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ಸಿನಿಮಾ ಬಿಟ್ಟ ಭಾಗವನ್ನು ನೋಡಿದವರೂ ಬಿಟ್ಟರು. ಎಸ್ಕಲಾಂಟೆ ಬಗ್ಗೆ ಪುಸ್ತಕ ಬರೆದ ಪತ್ರಕರ್ತ ಜೇ ಮ್ಯಾಥ್ಯೂಸ್ ಆ ಎಂಟು ವರ್ಷದ ಕಥೆಯನ್ನು ಹತ್ತಿರದಿಂದ ಬಲ್ಲವರು. 1998ರಲ್ಲಿ ಅವರೇ ಅಮೆರಿಕದ ಹೈಸ್ಕೂಲುಗಳಿಗೆ ರ‍್ಯಾಂಕು ಕೊಡುವ ಒಂದು ಸೂಚಿ ಶುರು ಮಾಡಿದರು. ಸೂತ್ರ ಸುಲಭ: ಶಾಲೆಯಲ್ಲಿ ಆ ವರ್ಷ ಬರೆದ ಎಪಿಯಂಥ ಪರೀಕ್ಷೆಗಳು ಎಷ್ಟು, ಅದನ್ನು ಆ ವರ್ಷ ಪದವಿ ಪಡೆಯುವವರ ಸಂಖ್ಯೆಯಿಂದ ಭಾಗಿಸಿ. ಗಮನಿಸಿ, ಬರೆದದ್ದು ಮುಖ್ಯ, ಪಾಸಾದದ್ದಲ್ಲ. ಇದರ ಹಿಂದಿನ ಉದ್ದೇಶ ಒಳ್ಳೆಯದೇ. ಬಡ ಮಕ್ಕಳಿಗೆ ಕಷ್ಟದ ಕ್ಲಾಸಿನ ಬಾಗಿಲು ಮುಚ್ಚಬೇಡಿ, ಬರೆದು ಸೋತರೂ ಏನೋ ಕಲೀತಾರೆ ಅನ್ನೋದು ಅವರ ವಾದ. ಗಾರ್ಫೀಲ್ಡ್ ನೋಡಿದವರಿಗೆ ಹಾಗೆ ಅನಿಸೋದು ಸಹಜ. ಆದರೆ ರ‍್ಯಾಂಕು ಬಂದ ಮೇಲೆ ಶಾಲೆಗಳು ಸುಲಭದ ಕೆಲಸ ಯಾವುದೋ ಅದನ್ನು ಮಾಡ್ತವೆ. ಕೊನೆಯ ವರ್ಷದ ಕ್ಲಾಸಿಗೆ ಎಪಿ ಅಂತ ಬೋರ್ಡು ಹಾಕಬಹುದು, ಮಕ್ಕಳನ್ನು ಕೂರಿಸಬಹುದು. ಏಳನೇ ಕ್ಲಾಸಿನ ಭಿನ್ನರಾಶಿ ಸರಿ ಮಾಡೋದು ಯಾವ ರ‍್ಯಾಂಕಿಗೂ ಸೇರಲ್ಲ.

ಇನ್ನೊಂದು ಕಡೆ ನೆಲದ ಅಳತೆ ನೋಡಿ. ಆ ಹನ್ನೆರಡು ಮಕ್ಕಳು ಎರಡನೇ ಸಲ ಪರೀಕ್ಷೆ ಬರೆದ ಮರುವರ್ಷ, 1983ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯ ಹೈಸ್ಕೂಲು ಮುಗಿಸೋಕೆ ಕನಿಷ್ಠ ಇಷ್ಟು ಓದಬೇಕು ಅಂತ ಕಾನೂನು ಮಾಡಿತು. ಗಣಿತಕ್ಕೆ ಎರಡು ವರ್ಷ. ಇವತ್ತಿಗೂ ರಾಜ್ಯದ ಕನಿಷ್ಠ ಅಷ್ಟೇ. ಹೆಚ್ಚಿಗೆ ಕೇಳೋದು ಬಿಡೋದು ಆಯಾ ಜಿಲ್ಲೆಗೆ ಬಿಟ್ಟದ್ದು. ಆದರೆ ಅದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಸೇರಬೇಕಾದರೆ ಗಣಿತ ಮೂರು ವರ್ಷ ಬೇಕು, ನಾಲ್ಕಾದರೆ ಒಳ್ಳೇದು ಅಂತಾರೆ. ಒಟ್ಟು ಹದಿನೈದು ಕೋರ್ಸು, ಒಂದೊಂದರಲ್ಲೂ ಸಿ ಅಥವಾ ಮೇಲಿನ ಗ್ರೇಡು. ಡಿ ಬಂದರೂ ಪದವಿ ಪತ್ರ ಕೈಗೆ ಬರಬಹುದು. ವಿಶ್ವವಿದ್ಯಾಲಯದ ಬಾಗಿಲಲ್ಲಿ ಆ ಡಿಗೆ ಬೆಲೆ ಇಲ್ಲ. ಗೌನು ಹಾಕಿ, ಟೋಪಿ ಗಾಳಿಗೆ ಎಸೆದು, ಮನೆಯವರೆಲ್ಲ ಹೂಗುಚ್ಛ ಹಿಡಿದು ಫೋಟೋ ತೆಗೆಸಿಕೊಂಡ ಮಗು, ಅದೇ ರಾಜ್ಯದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕೋಕೂ ಅರ್ಹತೆ ಇಲ್ಲದೆ ನಿಂತಿರಬಹುದು. ಎರಡು ಪಟ್ಟಿಗಳ ನಡುವಿನ ಈ ಕಂದಕದಲ್ಲಿ ಎಷ್ಟು ಮಕ್ಕಳು ಸದ್ದಿಲ್ಲದೆ ಬೀಳ್ತಾರೆ ಅನ್ನೋದರ ಬಗ್ಗೆ ಯಾರೂ ಸಿನಿಮಾ ಮಾಡಿಲ್ಲ. ಅದರಲ್ಲಿ ಕ್ಲೈಮ್ಯಾಕ್ಸ್ ಇಲ್ಲ ನೋಡಿ.

ನಮ್ಮ ಜನಕ್ಕೆ ಬರೋಣ. ಇಲ್ಲಿ ಯಾವ ಕನ್ನಡದ ಮನೆಗೆ ಯುಗಾದಿ ಊಟಕ್ಕೆ ಹೋದರೂ, ಒಬ್ಬಟ್ಟು ಬಡಿಸುವ ಮೊದಲೇ ಒಂದು ಪ್ರಶ್ನೆ ಬಂದಿರುತ್ತೆ: "ನಿಮ್ಮವಳದ್ದು ಎಷ್ಟು ಎಪಿ?" ಆರು ಅಂದರೆ ಎದುರಿನವರು ಎಂಟು ಅಂತಾರೆ. ಪರೀಕ್ಷೆಗೆ ಸುಮಾರು ನೂರು ಡಾಲರ್ ಕಟ್ಟಿದರೆ ಕಾಲೇಜಿನ ಒಂದು ಕೋರ್ಸಿನ ಸಾವಿರಾರು ಡಾಲರ್ ಉಳಿಯಿತು ಅನ್ನೋದು ನಮ್ಮ ಲೆಕ್ಕ. ಲೆಕ್ಕ ಪೂರ್ತಿ ಸುಳ್ಳೂ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮೂರು ಬಂದರೂ ಕ್ರೆಡಿಟ್ಟು ಕೊಡುತ್ತೆ. ಆದರೆ ಎಲ್ಲ ಕಡೆ ಹಾಗಿಲ್ಲ. ಡಾರ್ಟ್‌ಮತ್ ಕಾಲೇಜು 2018ರಲ್ಲಿ ಪದವಿ ಮುಗಿಸುವ ತಂಡದಿಂದಲೇ ಎಪಿಗೆ ಪದವಿಯ ಕ್ರೆಡಿಟ್ಟು ಕೊಡೋದನ್ನು ನಿಲ್ಲಿಸಿತು. ಮುಂಗಡ ಕಟ್ಟಿದ ಕಂತನ್ನು ಜಮಾ ಮಾಡಿಕೊಳ್ಳೋದು ಬಿಡೋದು ಅಂಗಡಿಯವನ ಇಷ್ಟ. ಜಮಾ ಆದರೂ, ಮೊದಲ ಕ್ಯಾಲ್ಕುಲಸ್ ಹಾರಿಸಿ ನೇರ ಎರಡನೆಯದಕ್ಕೆ ಹೋಗಿ ಕೂತ ಮಗುವಿಗೆ ಅಡಿಪಾಯ ಗಟ್ಟಿ ಇಲ್ಲದಿದ್ದರೆ ಅದು ಅಲ್ಲಿ ಗೊತ್ತಾಗುತ್ತೆ. ಆಗ ಮನೆಯಲ್ಲಿ ಯಾರೂ ಒಬ್ಬಟ್ಟು ತಿನ್ನುತ್ತಾ ಅದರ ಬಗ್ಗೆ ಮಾತಾಡಲ್ಲ.

ಎಸ್ಕಲಾಂಟೆ ಬದುಕಿನಲ್ಲಿ ಸಿನಿಮಾ ಹೆಚ್ಚು ಮುಟ್ಟದ ಒಂದು ಭಾಗ ನಮ್ಮವರಿಗೆ ತಟ್ಟುವಂಥದ್ದು. ಬೊಲಿವಿಯಾದಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದ ಈ ಮನುಷ್ಯನ ಓದು, ಅನುಭವ ಅಮೆರಿಕದಲ್ಲಿ ಲೆಕ್ಕಕ್ಕೆ ಬರಲಿಲ್ಲ. ಹೋಟೆಲಿನಲ್ಲಿ ನೆಲ ಒರೆಸಿ, ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಕ್ಲಾಸಲ್ಲಿ ಇಂಗ್ಲಿಷಿನಿಂದ ಹಿಡಿದು ಮತ್ತೆ ಮೊದಲಿಂದ ಓದಿ ಮೇಷ್ಟ್ರಾದರು. ಊರಿನ ಬಿಎಡ್ಡು, ಎಂಎಸ್ಸಿ ಪೆಟ್ಟಿಗೆಯಲ್ಲಿಟ್ಟು ಇಲ್ಲಿ ಮತ್ತೆ ಕಾಲೇಜು ಮೆಟ್ಟಿಲು ಹತ್ತಿದ ಎಷ್ಟೋ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಕ್ರೆಡಿಟ್ಟು ಅನ್ನೋದು ನಮಗೆ ಏನು ಗೊತ್ತು ಅನ್ನೋದರ ಜೊತೆಗೆ, ಯಾರು ನಮ್ಮನ್ನು ನಂಬ್ತಾರೆ ಅನ್ನೋದರ ಲೆಕ್ಕವೂ ಹೌದು ಅಂತ ಅವರಿಗೆ ಮೈಮೇಲೆ ಗೊತ್ತಿತ್ತು. ಬಹುಶಃ ಅದಕ್ಕೇ ಹೊರಗಿನ ಪರೀಕ್ಷೆಯನ್ನು ಅಷ್ಟು ಹಟ ಹಿಡಿದು ಆರಿಸಿಕೊಂಡರೇನೋ.

ಕಥೆಯ ಕೊನೆಯೂ ಸಿನಿಮಾದಲ್ಲಿಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ, ಅದಾದದ್ದು ಆಮೇಲೆ. ಗ್ರಡಿಯಾಸ್ 1987ರಲ್ಲಿ ಶಾಲೆಯಿಂದ ಹೊರಟರು. ಎಸ್ಕಲಾಂಟೆಯ ಕ್ಲಾಸಲ್ಲಿ ಮಕ್ಕಳು ಐವತ್ತು ಮೀರಿದಾಗ ಶಿಕ್ಷಕರ ಸಂಘದ ಜೊತೆ ತಿಕ್ಕಾಟವಾಯಿತು. ವಿಭಾಗದ ಮುಖ್ಯಸ್ಥರ ಸ್ಥಾನ ಹೋಯಿತು. 1991ರಲ್ಲಿ ಅವರು ಗಾರ್ಫೀಲ್ಡ್ ಬಿಟ್ಟು ಸ್ಯಾಕ್ರಮೆಂಟೊಗೆ ಹೋದರು. ಮುಂದಿನ ಕೆಲವೇ ವರ್ಷಗಳಲ್ಲಿ ಗಾರ್ಫೀಲ್ಡ್‌ನ ಕ್ಯಾಲ್ಕುಲಸ್ ಪಾಸಿನ ಸಂಖ್ಯೆ ಪಾತಾಳಕ್ಕಿಳಿಯಿತು. ಮಕ್ಕಳ 'ಗಾನಸ್' ಒಮ್ಮೆಗೇ ಒಣಗಿತೇ? ಇಲ್ಲ. ಕೆಳಗಿನಿಂದ ಕಟ್ಟಿದ್ದ ಸಾಲು ಕಳಚಿಕೊಂಡಿತು. ಹಂಬಲ ಮಕ್ಕಳದ್ದೇ ಇರಬೇಕು, ಒಪ್ಪೋಣ. ಸಾಲು ಕಟ್ಟೋದು, ಕಾಯೋದು ಮಕ್ಕಳ ಕೆಲಸ ಅಲ್ಲ. ಸಿನಿಮಾ ಮೊದಲನೆಯದನ್ನು ಎದೆಗೆ ನಾಟುವಂತೆ ಹೇಳಿ, ಎರಡನೆಯದನ್ನು ಹೇಳದೇ ಬಿಟ್ಟಿತು. ಹಾಗಾಗಿ ಮಕ್ಕಳು ಸೋತಾಗ, ನಿನಗೆ ಹಂಬಲ ಸಾಲದು ಅಂತ ಅವರಿಗೇ ಹೇಳೋದು ನಮ್ಮೆಲ್ಲರಿಗೂ ಸುಲಭ ಆಯಿತು.

ಸಿನಿಮಾ ನೋಡಬೇಡಿ ಅಂತ ನಾನು ಖಂಡಿತ ಹೇಳಲ್ಲ. ನೋಡಿ, ಮಕ್ಕಳ ಜೊತೆ ನೋಡಿ. ಎರಡನೇ ಪರೀಕ್ಷೆಯ ಫಲಿತಾಂಶ ಫೋನಿನಲ್ಲಿ ಒಂದೊಂದಾಗಿ ಬರುವಾಗ ನನಗೆ ಮೂರನೇ ಸಲವೂ ಗಂಟಲು ಕಟ್ಟಿತು. ಅದು ನಕಲಿ ಕಣ್ಣೀರಲ್ಲ. ಆ ಮಕ್ಕಳು ಗೆದ್ದದ್ದು ನಿಜ, ಅವಮಾನ ನಿಜ, ಮೇಷ್ಟ್ರು ನಿಜ. ನೋಡಿ ಮುಗಿದ ಮೇಲೆ ಮಾತ್ರ ನನ್ನ ಮಗಳು ಕೇಳಿದ್ದನ್ನು ನೀವೂ ಒಮ್ಮೆ ಕೇಳಿಕೊಳ್ಳಿ.

ಭಾನುವಾರ ರಾತ್ರಿ ನಾನೂ ಅವಳೂ ಊಟದ ಮೇಜಿನ ಮೇಲೆ ಅವಳ ಈ ವರ್ಷದ ಗಣಿತದ ನೋಟ್ಸು ಹರಡಿಕೊಂಡು ಕೂತೆವು. ತ್ರಿಕೋನಮಿತಿಯ ನಾಲ್ಕು ಲೆಕ್ಕ ಕೊಟ್ಟೆ. ಎರಡು ಸಲೀಸಾಗಿ ಮಾಡಿದಳು. ಮೂರನೆಯದರಲ್ಲಿ ಸೂತ್ರ ಬಾಯಿಪಾಠ ಬಂತು, ಅದು ಯಾಕೆ ಹಾಗೆ ಅಂತ ಕೇಳಿದರೆ ಸುಮ್ಮನಾದಳು. "ಕ್ಲಾಸಲ್ಲಿ ಯಾಕೆ ಅಂತ ಹೇಳಲ್ಲ ಅಮ್ಮ, ಟೈಮ್ ಇರಲ್ಲ" ಅಂದಳು. ನಾಲ್ಕನೆಯದಕ್ಕೆ ಹೋಗಲೇ ಇಲ್ಲ.

ಆರು ವಾರದ ಬೇಸಿಗೆ ಕೋರ್ಸಿನ ಸಾಲಿಗೆ ಅಡ್ಡಗೆರೆ ಎಳೆದು, ಹನ್ನೊಂದಕ್ಕೆ ಪ್ರೀಕ್ಯಾಲ್ಕುಲಸ್ ಅಂತ ಬರೆದು ಸಹಿ ಹಾಕಿದೆ. ಈ ಸಲದ ಯುಗಾದಿಗೆ ಯಾರಾದರೂ ಎಷ್ಟು ಎಪಿ ಅಂತ ಕೇಳಿದರೆ ಎರಡು ಅಂತೀನಿ. ಒಂದು ಇತಿಹಾಸ, ಒಂದು ಜೀವಶಾಸ್ತ್ರ. ಎರಡೂ ಅವಳೇ ಆರಿಸಿಕೊಂಡದ್ದು.